ಅಮಾನಿಕೆರೆಯಿಂದ ದುರ್ಗದವರೆಗೆ: ತುಮಕೂರಿನಲ್ಲಿ ರೋಡ್ ಸೈಕಲ್ ಶುರು ಮಾಡುವವರಿಗೆ

ರೋಡ್ ಸೈಕಲ್ ತುಳಿಯಲು ತುಮಕೂರಿನಂಥ ಊರು ಸಿಗುವುದು ಕಷ್ಟ. ಊರೊಳಗೇ ಅಮಾನಿಕೆರೆ ಅನ್ನುವ ದೊಡ್ಡ ಕೆರೆ, ಅದರ ದಡದಲ್ಲಿ ಪಾರ್ಕು. ಅರ್ಧ ಗಂಟೆ ತುಳಿದರೆ ತೆಂಗಿನ ತೋಟ, ರಾಗಿ ಹೊಲ. ಇನ್ನರ್ಧ ಗಂಟೆ ತುಳಿದರೆ ಕಾಡು, ಬೆಟ್ಟ. ಬೆಂಗಳೂರಿನವರು ಇದಕ್ಕೆಂದೇ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬರುತ್ತಾರೆ. ನಮಗೆ ಮನೆ ಮುಂದೆಯೇ ಇದೆ.

ಆದರೂ ಹೊಸ ಸೈಕಲ್ ಕೊಂಡ ಎಷ್ಟೋ ಜನ ಸ್ವಲ್ಪ ದಿನಕ್ಕೇ ಬಿಟ್ಟುಬಿಡುತ್ತಾರೆ. ಕಾರಣ ಹೆಚ್ಚಾಗಿ ಒಂದೇ. ಮೊದಲ ಭಾನುವಾರವೇ ಊರಾಚೆಯ ದೇವರಾಯನದುರ್ಗ ಬೆಟ್ಟಕ್ಕೆ ಹೊರಡುತ್ತಾರೆ. ಏರಿನಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ, ದಾರಿಯಲ್ಲಿ ಪಂಕ್ಚರ್ ಆಗುತ್ತದೆ, ಇಳಿಜಾರಿನಲ್ಲಿ ಜೀವ ಬಾಯಿಗೆ ಬರುತ್ತದೆ. ಆಮೇಲೆ ಸೈಕಲ್ ಮೆಟ್ಟಿಲ ಕೆಳಗೆ ಸೇರುತ್ತದೆ. ಹಾಗಾಗಬಾರದು. ಮೊದಲು ಪಾರ್ಕು, ಆಮೇಲೆ ಹಳ್ಳಿ ರಸ್ತೆ, ಕೊನೆಗೆ ಬೆಟ್ಟ. ಈ ಕ್ರಮದಲ್ಲಿ ಹೋದರೆ ದೇಹವೂ ಒಗ್ಗುತ್ತದೆ, ಧೈರ್ಯವೂ ಬರುತ್ತದೆ.

ಹೊರಡುವ ಮೊದಲು ಇನ್ನೊಂದು ಮಾತು. ನಾವು ತುಳಿಯುವ ಈ ದಾರಿಗಳಿಗೆಲ್ಲ ನಮಗಿಂತ ಮೊದಲಿನ ಹಕ್ಕುದಾರರು ಇದ್ದಾರೆ. ಪಾರ್ಕಿನಲ್ಲಿ ನಡೆಯಲು ಬರುವ ಹಿರಿಯರು, ಹಳ್ಳಿ ರಸ್ತೆಯಲ್ಲಿ ರೈತರು, ದುರ್ಗದ ದಾರಿಯಲ್ಲಿ ಕಾಡಿನ ಪ್ರಾಣಿಗಳು. ಅವರಿಗೆ ದಾರಿ ಕೊಟ್ಟು ತುಳಿಯುವವನಿಗೆ ಈ ರಸ್ತೆಗಳಲ್ಲಿ ತೊಂದರೆ ಕಡಿಮೆ. ಮುಂದೆ ಹೇಳುವ ಬಹಳಷ್ಟು ಸಲಹೆಗಳ ಬೇರು ಇಲ್ಲೇ ಇದೆ.

ಸೈಕಲ್ ಹೇಗಿರಬೇಕು

ದುಬಾರಿ ಸೈಕಲ್ ಬೇಡ. ಅಳತೆ ಸರಿ ಇರಬೇಕು, ಅಷ್ಟೇ. ಅಂಗಡಿಯವರು ಇರುವ ಸ್ಟಾಕ್ ಖಾಲಿ ಮಾಡಲು ಒಂದು ಸೈಜು ದೊಡ್ಡದನ್ನು ಕೊಡುವುದುಂಟು. ಸೈಕಲ್‌ನ ನಡುವಿನ ಅಡ್ಡ ಪೈಪಿನ ಎರಡೂ ಕಡೆ ಕಾಲಿಟ್ಟು ನಿಂತು ನೋಡಿ. ಪೈಪಿಗೂ ನಿಮಗೂ ನಡುವೆ ಎರಡು ಬೆರಳಾದರೂ ಜಾಗ ಇರಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿಕೊಂಡಿರಬೇಕು. ಕೈ ಪೂರ್ತಿ ಚಾಚಿ ಹಿಡಿಯಬೇಕಾದರೆ ಆ ಸೈಕಲ್ ನಿಮಗಲ್ಲ.

ಸೀಟಿನ ಎತ್ತರ ನೋಡಲು ಸುಲಭದ ದಾರಿ ಇದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಹದವಾಗಿ ಮಡಚಿಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಎರಡೂ ಕಾಲು ನೆಲಕ್ಕೆ ತಾಗಲಿ ಅಂತ ಸೀಟ್ ತಗ್ಗಿಸಿಕೊಂಡಿರುತ್ತಾರೆ. ಮಂಡಿಯ ಮುಂಭಾಗದಲ್ಲಿ ನೋವು ಬರುವುದು ಸಾಮಾನ್ಯವಾಗಿ ಇದರಿಂದಲೇ. ನೋವು ಮಂಡಿಯ ಹಿಂದೆ ಬಂದರೆ ಸೀಟ್ ಜಾಸ್ತಿ ಎತ್ತರ ಆಗಿದೆ ಅಂತ ತಿಳಿಯಿರಿ.

ಟೈರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ನಮ್ಮ ರಸ್ತೆಗೆ 25 ಮಿ.ಮೀ. ಟೈರು ಬೇಡ. 28 ಕನಿಷ್ಠ. ಫ್ರೇಮಿನಲ್ಲಿ ಜಾಗ ಇದ್ದರೆ 32 ಹಾಕಿಸಿ. ಡಾಂಬರು ಚೆನ್ನಾಗಿದ್ದರೂ ಹಳ್ಳಿ ಬಂದಾಗ ಹಂಪ್, ಪೈಪ್‌ಲೈನ್‌ಗೆ ಅಗೆದು ಮುಚ್ಚಿದ ಗುಂಡಿ, ಜಲ್ಲಿ ಎಲ್ಲ ಸಿಗುತ್ತವೆ. ಅಗಲ ಟೈರು ಇವನ್ನು ತಡೆದುಕೊಳ್ಳುತ್ತದೆ. ಗಾಳಿಯನ್ನೂ ಟೈರಿನ ಮೇಲೆ ಬರೆದ ಗರಿಷ್ಠ ಮಟ್ಟದವರೆಗೆ ತುಂಬಬೇಡಿ. 70 ಕೆ.ಜಿ. ತೂಕದವರಿಗೆ 28ರ ಟೈರಿನಲ್ಲಿ 70ರಿಂದ 80 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಸಾಕು. 32ರಲ್ಲಾದರೆ 55ರಿಂದ 65. ಮಳೆಗಾಲದಲ್ಲಿ ಇನ್ನೊಂದು ಐದು ಕಡಿಮೆ ಮಾಡಿ. ಟೈರು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ.

ಇನ್ನು ವಾಲ್ವ್. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ರೋಡ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಪ್ರೆಸ್ಟಾ ಅನ್ನುವ ಸಣ್ಣ ವಾಲ್ವ್ ಇರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಬೈಕಿನ ವಾಲ್ವ್‌ಗೆ ಹೊಂದುತ್ತದೆ, ಇದಕ್ಕೆ ಹೊಂದುವುದಿಲ್ಲ. ಬೆರಳ ತುದಿಯಷ್ಟು ಹಿತ್ತಾಳೆಯ ಅಡಾಪ್ಟರ್ ಒಂದು ಸಿಗುತ್ತದೆ. ಅದನ್ನು ಸೀಟಿನ ಕೆಳಗಿನ ಚೀಲದಲ್ಲಿ ಯಾವಾಗಲೂ ಇಟ್ಟುಕೊಳ್ಳಿ. ಅದೊಂದು ಇದ್ದರೆ ಯಾವ ಹಳ್ಳಿಯಲ್ಲಾದರೂ ಗಾಳಿ ತುಂಬಿಸಿಕೊಳ್ಳಬಹುದು.

ಹೆಲ್ಮೆಟ್, ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಒಂದು ಬೆಲ್ಲು. ಇವಿಲ್ಲದೆ ಹೊರಡಲೇಬೇಡಿ. ಉಳಿದ ಬಟ್ಟೆ, ಶೂ, ಕನ್ನಡಕ ನಿಧಾನಕ್ಕೆ ಬರಲಿ.

ಅಮಾನಿಕೆರೆ ಪಾಠ

ಮೊದಲ ಕೆಲವು ವಾರ ಅಮಾನಿಕೆರೆ ಮತ್ತು ಅದರ ಸುತ್ತಿನ ರಸ್ತೆಗಳೇ ಸಾಕು. ಗಾಜಿನ ಮನೆ ಕಡೆ ಬೆಳಿಗ್ಗೆ ನಡೆಯುವವರು ಬಹಳ. ಮೊದಲು ಗೇಟಿನಲ್ಲಿ ಫಲಕ ನೋಡಿ, ಕಾವಲಿನವರನ್ನು ಕೇಳಿ. ಎಲ್ಲಿ ಸೈಕಲ್ ಬಿಡುತ್ತಾರೋ ಅಲ್ಲಿ ಮಾತ್ರ ತುಳಿಯಿರಿ. ಬಿಡದ ಕಡೆ ಇಳಿದು ತಳ್ಳಿಕೊಂಡು ಹೋಗಿ. ವಾದ ಮಾಡಬೇಡಿ. ಒಬ್ಬ ಜೋರಾಗಿ ಓಡಿಸಿ ಯಾರಿಗೋ ಗುದ್ದಿದರೆ ಆಮೇಲೆ ಮಕ್ಕಳ ಸೈಕಲ್ಲನ್ನೂ ಒಳಗೆ ಬಿಡುವುದಿಲ್ಲ.

ಪಾರ್ಕಿನ ದಾರಿಯಲ್ಲಿ ವೇಗ ಗಂಟೆಗೆ 10ರಿಂದ 12 ಕಿ.ಮೀ. ಮೀರಬಾರದು. ಇಷ್ಟು ನಿಧಾನಕ್ಕೆ ಹೋದರೆ ಏನು ಕಲಿತಂತಾಯಿತು ಅಂತ ಕೇಳಬಹುದು. ನಿಧಾನಕ್ಕೆ ನೆಟ್ಟಗೆ ಹೋಗುವುದೇ ಕಷ್ಟದ ವಿದ್ಯೆ. ವೇಗ ಇದ್ದಾಗ ಸೈಕಲ್ ತಾನೇ ಬೀಳದೆ ನೆಟ್ಟಗಿರುತ್ತದೆ. ನಿಧಾನಕ್ಕೆ ಹೋಗುವಾಗ ಅದನ್ನು ಬೀಳದಂತೆ ನೀವು ನೋಡಿಕೊಳ್ಳಬೇಕು.

ಅಲ್ಲಿ ನಾಲ್ಕು ಅಭ್ಯಾಸ ಮಾಡಿ. ಒಂದು, ಹ್ಯಾಂಡಲ್ ಅಲುಗಿಸದೆ ಬಲಭುಜದ ಮೇಲಿಂದ ಹಿಂದೆ ನೋಡುವುದು. ಹೊಸಬರು ಹಿಂದೆ ತಿರುಗಿದ ಕೂಡಲೇ ಸೈಕಲ್ಲೂ ಆ ಕಡೆಗೇ ಎಳೆಯುತ್ತದೆ. ಹೆದ್ದಾರಿಯಲ್ಲಿ ಹಾಗಾದರೆ ಲಾರಿಯ ಮುಂದೆ ಹೋಗುತ್ತೀರಿ. ಎರಡು, ಒಂದು ಕೈ ಬಿಟ್ಟು ನೀರಿನ ಬಾಟಲಿ ತೆಗೆದು, ಕುಡಿದು, ನೋಡದೆ ವಾಪಸ್ ಇಡುವುದು. ಮೂರು, ಎರಡೂ ಬ್ರೇಕನ್ನು ಒಟ್ಟಿಗೆ ಹದವಾಗಿ ಒತ್ತಿ ನಿಲ್ಲುವುದು. ಮುಂದಿನ ಬ್ರೇಕಿಗೆ ನಿಲ್ಲಿಸುವ ಶಕ್ತಿ ಜಾಸ್ತಿ. ಅದನ್ನು ಬಿಟ್ಟು ಬರೀ ಹಿಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಮುಂದಿನದನ್ನೇ ಗಕ್ಕನೆ ಹಿಡಿದರೆ ಹ್ಯಾಂಡಲ್ ದಾಟಿ ಬೀಳುತ್ತೀರಿ. ಒತ್ತುವಾಗ ಮೈಭಾರವನ್ನು ಸೀಟಿನ ಹಿಂದಕ್ಕೆ ತಳ್ಳಬೇಕು. ನಾಲ್ಕನೆಯದು ಗೇರು. ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತಿರುಗುವಂಥ ಗೇರ್ ಹುಡುಕಿಕೊಳ್ಳಿ. ಭಾರದ ಗೇರಿನಲ್ಲಿ ಕಷ್ಟಪಟ್ಟು ತುಳಿದರೆ ಗಟ್ಟಿಗರಾಗುತ್ತೇವೆ ಅನ್ನುವುದು ತಪ್ಪು ನಂಬಿಕೆ. ಮಂಡಿಗಷ್ಟೇ ಏಟು.

ನಡೆಯುವವರನ್ನು ದಾಟುವಾಗ ತೀರಾ ಹತ್ತಿರ ಹೋಗಿ ಬೆಲ್ ಹೊಡೆಯಬೇಡಿ. ಹಿರಿಯರು ಬೆಚ್ಚಿ ಯಾವ ಕಡೆಗಾದರೂ ಸರಿಯಬಹುದು. ಸ್ವಲ್ಪ ದೂರದಿಂದಲೇ ಒಂದು ಸಲ ಬೆಲ್ ಮಾಡಿ, “ಅಂಕಲ್, ಬಲಗಡೆ ಬರ್ತಿದ್ದೀನಿ” ಅನ್ನಿ. ದಾಟಿದ ಮೇಲೆ ಒಂದು ನಮಸ್ಕಾರ. ಮರುದಿನದಿಂದ ಅವರೇ ದಾರಿ ಬಿಟ್ಟು “ಹೋಗಪ್ಪ” ಅನ್ನುತ್ತಾರೆ.

ಊರು ದಾಟುವುದು

ಬಿ.ಎಚ್. ರಸ್ತೆ, ಟೌನ್‌ಹಾಲ್ ಸರ್ಕಲ್, ಗುಬ್ಬಿ ಗೇಟ್, ಶಿರಾ ಗೇಟ್. ಇವನ್ನೆಲ್ಲ ಬೆಳಿಗ್ಗೆ ಏಳರೊಳಗೆ ದಾಟಿಬಿಡಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ, ಜೂನ್‌ನಲ್ಲಿ 6ಕ್ಕಿಂತ ತುಸು ಮೊದಲು. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಬಸ್ಸು, ಶಾಲೆ ವ್ಯಾನುಗಳ ಗದ್ದಲ ಶುರುವಾಗುವಷ್ಟರಲ್ಲಿ ನೀವು ತೋಟದ ಸಾಲಿನಲ್ಲಿರುತ್ತೀರಿ.

ರಸ್ತೆಯ ತೀರಾ ಅಂಚಿಗೆ ಅಂಟಿಕೊಳ್ಳಬೇಡಿ. ಅಂಚಿನಲ್ಲಿ ಮರಳು, ಗಾಜಿನ ಚೂರು ಇರುತ್ತದೆ. ಡಾಂಬರಿನ ಅಂಚಿನಿಂದ ಎರಡು ಅಡಿ ಒಳಗೆ, ನೆಟ್ಟಗೆ ಹೋಗಿ. ನಿಂತ ಆಟೋ, ಕಾರುಗಳ ಪಕ್ಕದಲ್ಲಿ ಬಾಗಿಲು ತೆಗೆದರೂ ತಾಗದಷ್ಟು ದೂರ ಇರಲಿ. ಗೆಳೆಯರಿದ್ದರೆ ಒಬ್ಬರ ಹಿಂದೆ ಒಬ್ಬರು. ಮಾತು ತಿಂಡಿ ತಿನ್ನುವಾಗ ಆಡಬಹುದು.

ಮೊದಲ ದಾರಿ: ಗೂಳೂರು, ಕೈದಾಳ

ಊರಾಚೆಯ ಮೊದಲ ಸವಾರಿಗೆ ನಾನು ಎಲ್ಲರಿಗೂ ಹೇಳುವುದು ಕೈದಾಳ. ಕುಣಿಗಲ್ ರಸ್ತೆಯಲ್ಲಿ ಗೂಳೂರು ದಾಟಿ ಸ್ವಲ್ಪ ಒಳಗೆ. ಹೋಗಿ ಬರಲು ಹತ್ತಿರ ಹತ್ತಿರ 20 ಕಿ.ಮೀ. ದೊಡ್ಡ ಏರಿಲ್ಲ. ಅಲ್ಲಿನ ಚೆನ್ನಕೇಶವ ದೇವಸ್ಥಾನ ಹೊಯ್ಸಳರ ಕಾಲದ್ದು, 12ನೇ ಶತಮಾನದ್ದು. ಶಿಲ್ಪಿ ಜಕಣಾಚಾರಿ ಕತ್ತರಿಸಿಕೊಂಡ ಕೈಯನ್ನು ಮತ್ತೆ ಪಡೆದದ್ದು ಇಲ್ಲೇ ಅನ್ನುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ದೇವಸ್ಥಾನದ ಮುಂದೆ ಸೈಕಲ್ ಒರಗಿಸಿ, ಶೂ ಬಿಚ್ಚಿ ಒಳಗೆ ಹೋಗಿ ಬನ್ನಿ. ಇಷ್ಟು ದೂರಕ್ಕೆ ಇಷ್ಟು ಹೊತ್ತಿನ ವಿಶ್ರಾಂತಿ ಸರಿಯಾಗಿರುತ್ತದೆ.

ದೀಪಾವಳಿ ಕಳೆದ ಮೇಲಿನ ಒಂದು ತಿಂಗಳು ಗೂಳೂರು ಗಣಪನ ದಿನಗಳು. ಆಗ ವಾಹನ ಜಾಸ್ತಿ. ಬೇರೆ ದಿನ ಬೆಳಿಗ್ಗೆ ಈ ರಸ್ತೆಯಲ್ಲಿ ಸಿಗುವುದು ಹೆಚ್ಚಾಗಿ ಹಾಲಿನ ಕ್ಯಾನು ಇಟ್ಟುಕೊಂಡು ಡೇರಿಗೆ ಹೋಗುವ ಬೈಕುಗಳು. ಅವರು ಹೊಲದ ದಾರಿಯಿಂದ ನೇರ ರಸ್ತೆಗೆ ಬರುತ್ತಾರೆ. ಅವರ ಕಣ್ಣು ಬರುವ ಬಸ್ಸಿನ ಮೇಲಿರುತ್ತದೆ, ಸದ್ದಿಲ್ಲದ ಸೈಕಲ್ ಮೇಲೆ ಇರುವುದಿಲ್ಲ. ಪ್ರತಿ ತೋಟದ ದಾರಿ ಬಂದಾಗಲೂ ಬೆರಳು ಬ್ರೇಕಿನ ಮೇಲಿರಲಿ.

ಬಣ್ಣ ಬಳಿಯದ ಹಂಪುಗಳ ಬಗ್ಗೆಯೂ ಎಚ್ಚರ. ಶಾಲೆ, ದೇವಸ್ಥಾನ, ಅರಳಿಕಟ್ಟೆ ಕಂಡರೆ ಹಂಪ್ ಇದ್ದೇ ಇದೆ ಅಂತ ತಿಳಿಯಿರಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಓಡುವುದನ್ನು ಕಂಡರೆ ಅದಕ್ಕೆ ಇನ್ನೂ ಹುಮ್ಮಸ್ಸು. ನಿಧಾನ ಮಾಡಿ, ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಇಟ್ಟುಕೊಂಡು “ಹಚ್ಚಾ” ಅಂತ ಗದರಿಸಿ. ನೂರಕ್ಕೆ ತೊಂಬತ್ತು ನಾಯಿಗಳು ಅಲ್ಲೇ ನಿಲ್ಲುತ್ತವೆ. ಕಚ್ಚಿದರೆ ಮಾತ್ರ ಸುಮ್ನೆ ಬಿಡಬೇಡಿ. ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿ.

ಆಷಾಢದಲ್ಲಿ ಹೊರಟರೆ ಗಾಳಿಯ ಲೆಕ್ಕ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬಯಲಿನಲ್ಲಿ ಎದೆಗೆ ಬಡಿಯುತ್ತದೆ. ಆ ತಿಂಗಳುಗಳಲ್ಲಿ ಗುಬ್ಬಿ ಕಡೆಗೆ, ಅಂದರೆ ಗಾಳಿಗೆ ಎದುರಾಗಿ ಮೊದಲು ಹೋಗಿ. ಮೈಯಲ್ಲಿ ಶಕ್ತಿ ಇರುವಾಗಲೇ ಗಾಳಿಯನ್ನು ಎದುರಿಸಿದರೆ ವಾಪಸ್ ಬರುವಾಗ ಅದೇ ನಿಮ್ಮನ್ನು ಮನೆಗೆ ತಳ್ಳುತ್ತದೆ. ಉಲ್ಟಾ ಮಾಡಿದರೆ ಕೊನೆಯ ಹತ್ತು ಕಿಲೋಮೀಟರ್ ನರಕ.

ರಸ್ತೆಯೇ ಕಣವಾದಾಗ

ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ನಮ್ಮ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಒಕ್ಕಣೆ ನಡೆಯುತ್ತದೆ. ಸೈಕಲ್ ತುಳಿಯಲು ಹವಾಮಾನ ಅತ್ಯುತ್ತಮವಾಗಿರುವುದೂ ಇದೇ ತಿಂಗಳುಗಳಲ್ಲಿ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ತೆನೆ, ಬಳ್ಳಿಯನ್ನು ಡಾಂಬರಿನ ಮೇಲೆ ಅಂಗೈ ದಪ್ಪಕ್ಕೆ ಹರಡಿರುತ್ತಾರೆ. ಬಸ್ಸು, ಟ್ರ್ಯಾಕ್ಟರು ಹರಿದು ಕಾಳು ಉದುರುತ್ತದೆ. ಆಮೇಲೆ ಹುಲ್ಲು ಎತ್ತಿ, ಕಾಳು ಗುಡಿಸಿ, ಗಾಳಿಗೆ ತೂರುತ್ತಾರೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅಂತ ಪ್ರತಿ ವರ್ಷ ಪೊಲೀಸರು ಹೇಳುತ್ತಾರೆ, ಬೈಕಿನವರು ಬಿದ್ದು ಜೀವ ಕಳೆದುಕೊಂಡದ್ದೂ ಉಂಟು. ಅಪಾಯ ನಿಜ. ಆದರೆ ಊರೂರಲ್ಲಿ ಇದ್ದ ಕಣಗಳು ಈಗ ಇಲ್ಲ, ಕೂಲಿಗೆ ಜನ ಸಿಗುವುದಿಲ್ಲ. ಯಂತ್ರದ ಬಾಡಿಗೆ ಕೊಡಲಾಗದ ಸಣ್ಣ ರೈತನಿಗೆ ರಸ್ತೆಯೇ ಕಣ. ವ್ಯಾಯಾಮಕ್ಕೆ ಬಂದ ನಾವು ಅವನ ಹೊಟ್ಟೆಪಾಡಿನ ಮೇಲೆ ಕೂಗಾಡುವುದು ನನಗೆ ಸರಿ ಕಾಣುವುದಿಲ್ಲ.

ರೋಡ್ ಸೈಕಲ್‌ಗೆ ಇದರಲ್ಲಿ ಮೂರು ಅಪಾಯ ಇವೆ. ಹುಲ್ಲಿನ ಮೇಲೆ ಸಣ್ಣ ಟೈರಿಗೆ ಹಿಡಿತವೇ ಸಿಗುವುದಿಲ್ಲ. ಅದರ ಮೇಲೆ ಬ್ರೇಕ್ ಹಿಡಿದರೆ, ಹ್ಯಾಂಡಲ್ ತಿರುಗಿಸಿದರೆ ಬೀಳುವುದು ಖಂಡಿತ. ಎರಡನೆಯದು, ಹುಲ್ಲು ಹಾರದಿರಲಿ, ವಾಹನ ಅಂಚಿಗೆ ಹೋಗದಿರಲಿ ಅಂತ ಬದಿಯಲ್ಲಿ ಕಲ್ಲು ಇಟ್ಟಿರುತ್ತಾರೆ. ಹುಲ್ಲು ಮುಚ್ಚಿಕೊಂಡಿದ್ದರೆ ಕಲ್ಲು ಕಾಣುವುದಿಲ್ಲ. ಮೂರನೆಯದು ಹುರುಳಿ ಬಳ್ಳಿ. ರಾಗಿ ಹುಲ್ಲಿಗಿಂತ ಇದು ಕೆಟ್ಟದ್ದು. ಬಳ್ಳಿ ಚೈನಿಗೆ ಸಿಕ್ಕಿ, ಗೇರ್ ಬದಲಿಸುವಾಗ ಚೈನನ್ನು ಸರಿಸುವ ಹಿಂದಿನ ಡಿರೇಲರ್‌ಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಇನ್ನೊಂದೆರಡು ಸುತ್ತು ತುಳಿದರೆ ಡಿರೇಲರ್ ಮುರಿದು ಚಕ್ರದ ಕಡ್ಡಿಗಳ ಒಳಗೆ ಹೋಗುತ್ತದೆ.

ಆದ್ದರಿಂದ ದೂರದಲ್ಲೇ ಕಂಡ ಕೂಡಲೇ ವೇಗ ಇಳಿಸಿ. ಡಾಂಬರು ಖಾಲಿ ಇರುವಾಗಲೇ ಬ್ರೇಕ್ ಮುಗಿಸಿ. ಇಳಿದು ಸೈಕಲ್ಲನ್ನು ಎತ್ತಿ ಹಿಡಿದು ಬದಿಯಿಂದ ನಡೆಯಿರಿ. ರೋಡ್ ಸೈಕಲ್ ಹತ್ತು ಕೆ.ಜಿ. ಆಸುಪಾಸು, ಎತ್ತುವುದು ಕಷ್ಟವಲ್ಲ. ಶೂ ತಳದಲ್ಲಿ ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ಗಟ್ಟಿ ತುಂಡು ಇದ್ದರೆ ಕಾಳು ತುಳಿಯಬೇಡಿ. “ಯಜಮಾನ್ರೇ, ಹೆಂಗೈತೆ ಈ ಸಲ ರಾಗಿ?” ಅಂತ ಒಂದು ಮಾತು ಕೇಳಿ. ಎರಡು ನಿಮಿಷ ತಡವಾಗುತ್ತದೆ, ಆಗಲಿ. ಈ ಹಳ್ಳಿಗಳಲ್ಲೇ ನಿಮಗೆ ನೀರು ಸಿಗಬೇಕು, ಚೈನು ಕಡಿದರೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವರು ಸಿಗಬೇಕು.

ತಟ್ಟೆ ಇಡ್ಲಿಯ ದಾರಿ

ಎರಡನೆಯ ದಾರಿ ಕ್ಯಾತ್ಸಂದ್ರದ ಕಡೆ. ಸಿದ್ಧಗಂಗಾ ಮಠಕ್ಕೆ ಹೋಗಿ, ಹಾಗೇ ಪಂಡಿತನಹಳ್ಳಿಯ ಮಂದರಗಿರಿಗೆ. ಬಸದಿ ಬೆಟ್ಟ ಅಂತಲೂ ಕರೆಯುತ್ತಾರೆ. ಬೆಟ್ಟದ ಕೆಳಗೆ ಜೈನ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದ ಗುರುಮಂದಿರ ಇದೆ. ಮೆಟ್ಟಿಲು ಹತ್ತಿ ಹೋದರೆ ಮೇಲೆ ಹಳೆಯ ಜೈನ ಬಸದಿಗಳು, ಕೆಳಗೆ ಮೈದಾಳ ಕೆರೆ. ನಗರದಿಂದ ಸುಮಾರು 10 ಕಿ.ಮೀ.

ಈ ದಾರಿಯ ಕಷ್ಟ ಒಂದೇ, ರಾಷ್ಟ್ರೀಯ ಹೆದ್ದಾರಿ 48. ಅದರ ಮುಖ್ಯ ಲೇನಿಗೆ ಇಳಿಯಲೇಬೇಡಿ. ಸರ್ವಿಸ್ ರಸ್ತೆಯಲ್ಲೇ ಇರಿ. ಅಲ್ಲೂ ಎದುರಿನಿಂದ ರಾಂಗ್ ಸೈಡಿನಲ್ಲಿ ಬೈಕು, ಟ್ರ್ಯಾಕ್ಟರು ಬರುತ್ತವೆ ಅಂತಲೇ ಎಣಿಸಿ. ಫ್ಲೈಓವರ್ ಕೆಳಗೆ ದಾಟುವಾಗ ಇಳಿದು ತಳ್ಳಿಕೊಂಡು ಹೋದರೂ ಮರ್ಯಾದೆ ಹೋಗುವುದಿಲ್ಲ.

ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಇದನ್ನು ಸಲಹೆಯಾಗಿಯೇ ಹೇಳುತ್ತಿದ್ದೇನೆ. ಸೈಕಲ್ ಇಳಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಹಿಟ್ಟಿನ ಪದಾರ್ಥ ಹೊಟ್ಟೆಗೆ ಬಿದ್ದರೆ ಕಾಲಿನ ಸ್ನಾಯುಗಳು ಬೇಗ ಸುಧಾರಿಸಿಕೊಳ್ಳುತ್ತವೆ. ಹಬೆಯಲ್ಲಿ ಬೆಂದ ಇಡ್ಲಿ ಹೊಟ್ಟೆಗೂ ಹಗುರ. ಬೆಣ್ಣೆ ಸ್ವಲ್ಪ ಕಡಿಮೆ ಇರಲಿ, ಇನ್ನೂ ಮನೆಗೆ ತುಳಿಯಬೇಕು ಅಲ್ವಾ. ಒಂದು ಗಂಟೆ ಮೀರಿದ ಸವಾರಿಗೆ ಜೇಬಿನಲ್ಲಿ ಎರಡು ಬಾಳೆಹಣ್ಣು, ಒಂದು ಕಡ್ಲೆ ಮಿಠಾಯಿ ಸಾಕು. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬೇಸಿಗೆಯಲ್ಲಿ ಒಂದು ಬಾಟಲಿಗೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆಹಣ್ಣು ಹಿಂಡಿಕೊಳ್ಳಿ. ಎಳನೀರು ಸಿಕ್ಕಿದರೆ ಇನ್ನೂ ಒಳ್ಳೆಯದು, ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರವೇ.

ಶಿವರಾತ್ರಿ ಸಮಯದಲ್ಲಿ ಮಠದ ಜಾತ್ರೆ, ದನಗಳ ಪರಿಷೆ ಇರುತ್ತದೆ. ಆ ದಿನಗಳಲ್ಲಿ ಸೈಕಲ್ ಬಿಟ್ಟು ನಡೆದು ಹೋಗಿ. ನೋಡುವಂಥದ್ದು.

ದೇವರಾಯನದುರ್ಗ ಹತ್ತುವುದು

ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ 40 ಕಿ.ಮೀ. ಆರಾಮಾಗಿ ತುಳಿಯಲು ಬಂದ ಮೇಲೆ ದುರ್ಗದ ಯೋಚನೆ ಮಾಡಿ. ತುಮಕೂರಿನಿಂದ ಸುಮಾರು 15 ಕಿ.ಮೀ. ನಗರ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 820 ಮೀಟರ್ ಎತ್ತರದಲ್ಲಿದೆ, ದುರ್ಗದ ನೆತ್ತಿ ಸುಮಾರು 1,200 ಮೀಟರ್. ಈ ಎತ್ತರದ ಬಹುಪಾಲು ಕೊನೆಯ ಕೆಲವು ಕಿಲೋಮೀಟರ್‌ನಲ್ಲೇ ಬರುತ್ತದೆ. ಅದನ್ನು ನೆನಪಿಟ್ಟುಕೊಂಡು ಮೊದಲ ಭಾಗದಲ್ಲಿ ಶಕ್ತಿ ಉಳಿಸಿಕೊಳ್ಳಿ.

ಬೆಳಗುಂಬ ದಾಟಿ ನಾಮದ ಚಿಲುಮೆವರೆಗೆ ಏರಿಳಿತದ ದಾರಿ. ನಾಮದ ಚಿಲುಮೆಯಲ್ಲಿ ನಿಲ್ಲಿ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ರಾಮ ಬಾಣ ಬಿಟ್ಟು ಚಿಮ್ಮಿಸಿದ ಒರತೆ ಅನ್ನುತ್ತಾರೆ. ಪಕ್ಕದಲ್ಲಿ ಅರಣ್ಯ ಇಲಾಖೆಯ ಜಿಂಕೆ ವನ. ಇಲ್ಲಿ ಐದು ನಿಮಿಷ ಕೂತು, ಅರ್ಧ ಬಾಳೆಹಣ್ಣು ತಿಂದು, ನೀರು ಕುಡಿಯಿರಿ. ತಿನ್ನುವಾಗ ಕೋತಿಗಳ ಮೇಲೆ ಕಣ್ಣಿರಲಿ. ಸಿಪ್ಪೆಯನ್ನು ಚೀಲಕ್ಕೆ ಹಾಕಿಕೊಳ್ಳಿ, ಅವಕ್ಕೆ ಎಸೆಯಬೇಡಿ. ನಾವು ಕೊಟ್ಟು ಕಲಿಸಿದ್ದಕ್ಕೇ ಅವು ಈಗ ಚೀಲ ಕಿತ್ತುಕೊಳ್ಳುವುದು.

ಏರು ಶುರುವಾಗುವ ಮೊದಲೇ ಹಗುರದ ಗೇರಿಗೆ ಬನ್ನಿ. ಏರಿನ ಮಧ್ಯೆ ಕಾಲಲ್ಲಿ ಪೂರ್ತಿ ಬಲ ಹಾಕಿ ಗೇರ್ ಬದಲಿಸಿದರೆ ಚೈನು ಕಳಚುತ್ತದೆ, ಕೆಲವೊಮ್ಮೆ ಕಡಿಯುತ್ತದೆ. ನಿಮ್ಮ ಸೈಕಲ್‌ನಲ್ಲಿ ಮುಂದೆ 34 ಹಲ್ಲಿನ ಸಣ್ಣ ಚಕ್ರ, ಹಿಂದೆ 32 ಹಲ್ಲಿನ ದೊಡ್ಡ ಚಕ್ರ ಇದ್ದರೆ ಸಾಕು. ಆ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 8 ಕಿ.ಮೀ. ವೇಗ ಸಿಗುತ್ತದೆ. ಅಷ್ಟು ವೇಗದಲ್ಲಿ ಹತ್ತಿದರೂ ಹತ್ತಿದಂತೆಯೇ. ಹಿಂದೆ 25 ಅಥವಾ 28 ಹಲ್ಲಿನದ್ದೇ ದೊಡ್ಡದಾಗಿದ್ದರೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಬೆಟ್ಟದ ಊರಿನವರಿಗೆ ಇದಕ್ಕಿಂತ ಒಳ್ಳೆಯ ಖರ್ಚು ಬೇರೆ ಇಲ್ಲ.

ಉಸಿರಿನ ಲೆಕ್ಕ ಸುಲಭ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿಯಾದ ವೇಗದಲ್ಲಿದ್ದೀರಿ. ಒಂದೊಂದೇ ಪದ ಬರುತ್ತಿದ್ದರೆ ನಿಧಾನ ಮಾಡಿ. ಭುಜ ಸಡಿಲ ಬಿಡಿ, ಹ್ಯಾಂಡಲ್ಲಿನ ಮೇಲ್ಭಾಗ ಹಿಡಿಯಿರಿ. ತಿರುವುಗಳಲ್ಲಿ ಒಳ ಅಂಚು ಕಡಿದಾಗಿರುತ್ತದೆ. ವಾಹನ ಇಲ್ಲದಿದ್ದರೆ ನಿಮ್ಮ ಎಡ ಭಾಗದೊಳಗೇ ಸ್ವಲ್ಪ ಹೊರಗಿನಿಂದ ಸುತ್ತಿ. ಎದೆಯಲ್ಲಿ ನೋವು, ಕಣ್ಣು ಕತ್ತಲೆ ಏನಾದರೂ ಬಂದರೆ ಅಲ್ಲೇ ಇಳಿದು ನೆರಳಲ್ಲಿ ಕೂರಿ. ನಲವತ್ತು ದಾಟಿದವರು, ಬಿಪಿ ಅಥವಾ ಶುಗರ್ ಇರುವವರು ದುರ್ಗಕ್ಕೆ ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಲೇಬೇಕು.

ಮಧ್ಯದಲ್ಲಿ ಭೋಗ ನರಸಿಂಹ ಸ್ವಾಮಿ ದೇವಸ್ಥಾನ. ಅಲ್ಲಿಂದ ಮೇಲೆ ಯೋಗ ನರಸಿಂಹನ ಕಡೆಗೆ ಏರು ಇನ್ನೂ ಕಡಿದು. ಮೊದಲ ಸಲ ಭೋಗ ನರಸಿಂಹನ ಹತ್ತಿರವೇ ಮುಗಿಸಿದರೂ ಸಾಕು. ಈ ಬೆಟ್ಟಗಳಲ್ಲೇ ಶಿಂಷಾ, ಜಯಮಂಗಲಿ ಎರಡೂ ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ, ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ನೀವು ಬೆವರು ಸುರಿಸಿ ಹತ್ತಿದ ಏರು ಎರಡು ನದಿಗಳ ನೀರನ್ನು ಬೇರೆ ಮಾಡುವ ಏರು.

ದುರ್ಗದ ಸುತ್ತಿನ ಕಾಡಿನಲ್ಲಿ ಚಿರತೆ, ಕರಡಿ ಇವೆ. ಆದ್ದರಿಂದ ಕತ್ತಲಲ್ಲಿ ಈ ದಾರಿ ಬೇಡವೇ ಬೇಡ. ಸೂರ್ಯೋದಯ ಮೇಲಿಂದ ನೋಡಬೇಕು ಅಂತ ನಸುಕಿನಲ್ಲೇ ಹೊರಡುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಸದ್ದಿಲ್ಲದ ಸೈಕಲ್ ತಿರುವಿನಲ್ಲಿ ಕರಡಿಗೆ ಎದುರಾದರೆ ಅದು ಹೆದರಿ ಮೇಲೆ ಬೀಳುತ್ತದೆ. ಚೆನ್ನಾಗಿ ಬೆಳಕಾದ ಮೇಲೆ ಕಾಡಿನ ಭಾಗಕ್ಕೆ ಬನ್ನಿ, ಸಂಜೆ ಐದರೊಳಗೆ ಇಳಿದುಬಿಡಿ. ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹೋಗುವುದು ಬೇಡ. ಬೇಸಿಗೆಯಲ್ಲಿ ಬೀಡಿ, ಸಿಗರೇಟು ಈ ದಾರಿಯಲ್ಲಿ ಹಚ್ಚಲೇಬಾರದು. ಒಣ ಬಾದೆ ಹುಲ್ಲಿಗೆ ಒಂದು ಕಿಡಿ ಸಾಕು.

ಇಳಿಯುವುದು

ಹತ್ತುವಾಗ ಬಿದ್ದವರು ಕಡಿಮೆ. ಬಿದ್ದವರೆಲ್ಲ ಇಳಿಯುವಾಗಲೇ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ.ನಲ್ಲಿ ಐದು ಮೀಟರಿಗೆ ನಿಲ್ಲುವ ಸೈಕಲ್‌ಗೆ 40ರಲ್ಲಿ ಇಪ್ಪತ್ತು ಮೀಟರ್ ಬೇಕು. ತಿರುವಿನಾಚೆ ಏನಿದೆ ಅಂತ ಅಷ್ಟು ದೂರ ಕಾಣುವುದಿಲ್ಲ.

ಇಳಿಯುವ ಮೊದಲು ಬ್ರೇಕ್, ಟೈರು ಮುಟ್ಟಿ ನೋಡಿ. ಕೈಗಳನ್ನು ಹ್ಯಾಂಡಲ್ಲಿನ ಕೆಳಗಿನ ಬಾಗಿನಲ್ಲಿ ಹಿಡಿಯಿರಿ. ಅಲ್ಲಿಂದ ಬ್ರೇಕಿಗೆ ಬಲ ಜಾಸ್ತಿ ಸಿಗುತ್ತದೆ. ಬ್ರೇಕ್ ಹಿಡಿದುಕೊಂಡೇ ಇಳಿಯಬೇಡಿ. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಸೈಕಲ್‌ಗಳಲ್ಲಿ ರಿಮ್ ಕಾದು ಟ್ಯೂಬ್ ಒಡೆಯಬಹುದು. ಹಿಡಿದು ಬಿಡಿ, ಹಿಡಿದು ಬಿಡಿ. ತಿರುವಿಗೆ ಬರುವ ಮೊದಲೇ ವೇಗ ಪೂರ್ತಿ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಎಡಕ್ಕೆ ತಿರುಗುವಾಗ ಎಡ ಪೆಡಲ್ ಮೇಲೆ, ಬಲಗಾಲು ಕೆಳಗೆ ಒತ್ತಿರಬೇಕು. ಕಣ್ಣು ತಿರುವಿನ ಕೊನೆಯ ಕಡೆಗಿರಲಿ. ಕಣ್ಣು ಹೋದ ಕಡೆಗೇ ಸೈಕಲ್ ಹೋಗುತ್ತದೆ. ಒಣ ಎಲೆ, ಮರಳು ಕಂಡರೆ ಸೈಕಲ್ ವಾಲಿಸದೆ ನೆಟ್ಟಗೆ ದಾಟಿ. ಮಳೆ ಬಂದರೆ ಮೊದಲ ಹತ್ತು ನಿಮಿಷ ಎಲ್ಲಾದರೂ ನಿಂತುಬಿಡಿ. ಡಾಂಬರಿನ ಮೇಲಿನ ಎಣ್ಣೆ, ಧೂಳು ಕಲಸಿ ತೀರಾ ಜಾರುವುದು ಆಗಲೇ.

ಪಂಕ್ಚರ್

ಇಲ್ಲಿ ಪಂಕ್ಚರ್ ಮಾಡುವುದು ಮೊಳೆಗಿಂತ ಮುಳ್ಳು. ಬೇಲಿಗೆ ಕಡಿದು ಎಳೆದೊಯ್ಯುವ ಜಾಲಿ ಮುಳ್ಳು ರಸ್ತೆಯಲ್ಲಿ ಉದುರಿರುತ್ತದೆ. ಬದಿಯ ಮಣ್ಣಿಗೆ ಇಳಿದರೆ ನೆಗ್ಗಿಲು ಮುಳ್ಳು.

ಒಂದು ಹೊಸ ಟ್ಯೂಬ್, ಟೈರು ಮೀಟಿ ಬಿಚ್ಚಲು ಎರಡು ಪ್ಲಾಸ್ಟಿಕ್ ಲಿವರ್, ಸಣ್ಣ ಪಂಪು, ಪ್ಯಾಚ್ ಕಿಟ್ ಜೊತೆಗಿರಲಿ. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತನ್ನಿ, ಆಮೇಲೆ ಚಕ್ರ ಬಿಚ್ಚಿ. ಟ್ಯೂಬ್ ತೆಗೆದು ತಕ್ಷಣ ಹೊಸದು ಹಾಕಬೇಡಿ. ಹಳೆಯದಕ್ಕೆ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ, ಟೈರಿನಲ್ಲಿ ಅದೇ ಜಾಗದಲ್ಲಿ ಮುಳ್ಳಿನ ತುದಿ ಹುಡುಕಿ ಕೀಳಿ. ಟೈರಿನ ಒಳಗೆ ಬೆರಳನ್ನು ನಿಧಾನಕ್ಕೆ ಒಂದು ಸುತ್ತು ಆಡಿಸಿ. ಮುರಿದ ತುದಿ ಒಳಗೇ ಉಳಿದರೆ ಎರಡು ಕಿಲೋಮೀಟರಿಗೆ ಮತ್ತೆ ಪಂಕ್ಚರ್. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ದುಂಡಗಾದ ಮೇಲೆ ಟೈರಿನೊಳಗೆ ಕೂರಿಸಿ. ಕೊನೆಯ ಅಂಚನ್ನು ಲಿವರಿನಿಂದ ಮೀಟದೆ ಹೆಬ್ಬೆರಳಿನಿಂದಲೇ ಒತ್ತಿ ಒಳಗೆ ಹಾಕಿ. ಲಿವರಿನಿಂದ ಮೀಟಿದರೆ ಹೊಸ ಟ್ಯೂಬೂ ಚಿವುಟಿ ತೂತಾಗುತ್ತದೆ. ಮನೆಯಲ್ಲಿ ಕೂತು ಇದನ್ನು ಎರಡು ಮೂರು ಸಲ ಅಭ್ಯಾಸ ಮಾಡಿದರೆ ದಾರಿಯಲ್ಲಿ ಹತ್ತು ನಿಮಿಷದ ಕೆಲಸ.

ತೂತಾದ ಟ್ಯೂಬಿಗೆ ಮನೆಗೆ ಬಂದ ಮೇಲೆ ಪ್ಯಾಚ್ ಹಾಕಿ. ಉಜ್ಜಿ, ಸಲ್ಯೂಷನ್ ಹಚ್ಚಿ, ಅದರ ಹೊಳಪು ಹೋಗುವವರೆಗೆ ಕಾದು ಆಮೇಲೆ ಅಂಟಿಸಬೇಕು. ಹಸಿ ಇರುವಾಗಲೇ ಅಂಟಿಸಿದರೆ ನಿಲ್ಲುವುದಿಲ್ಲ.

ಚೈನಿಗೆ ಪ್ರತಿ ಸವಾರಿ ಆದ ಮೇಲೆ ಒಣ ಬಟ್ಟೆ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಒರೆಸಿ. ಕೆಂಪು ಮಣ್ಣಿನ ಧೂಳು ಎಣ್ಣೆಗೆ ಅಂಟಿ ಚೈನನ್ನೂ ಹಲ್ಲುಚಕ್ರವನ್ನೂ ಸವೆಸುತ್ತದೆ. ವಾರಕ್ಕೊಮ್ಮೆ ಪ್ರತಿ ಕೊಂಡಿಗೂ ಒಂದೊಂದು ಹನಿ ಚೈನ್ ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಮೇಲಿನದೆಲ್ಲ ಒರೆಸಿ ತೆಗೆಯಿರಿ. ಅಡುಗೆ ಎಣ್ಣೆ, ಹಳೆ ಎಂಜಿನ್ ಎಣ್ಣೆ ಬೇಡ. ಒಕ್ಕಣೆಯ ದಿನಗಳಲ್ಲಿ ಹಿಂದಿನ ಡಿರೇಲರಿನ ಎರಡು ಸಣ್ಣ ಚಕ್ರಗಳ ಸಂದಿಯಲ್ಲಿ ಹುಲ್ಲಿನ ಎಳೆ ಸಿಕ್ಕಿಕೊಂಡಿದೆಯೇ ಅಂತಲೂ ಅವತ್ತೇ ನೋಡಿ ತೆಗೆದುಬಿಡಿ.